ಬನವಾರಿಯ ಕುದುರೆಗೆ ಬಿದ್ದ ಬಿಳಿ ಗುರುತು

ನಾನು ಕಾಶಿಯಲ್ಲಿ ಪಶುವೈದ್ಯನಾಗಿದ್ದಾಗ, ಶಿವಾಲ ಬಡಾವಣೆಯ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಬನವಾರಿ ಎಂಬ ಟಾಂಗಾವಾಲಾ ಇದ್ದ. ಅವನ ಕೆಂಗಂದು ಕುದುರೆ ಒಮ್ಮೆ ಕಳುವಾಗಿ ಸಿಕ್ಕಿತ್ತು. ಆಗ ಠಾಣೆಯಲ್ಲಿ, "ನಿನ್ನದೇ ಅನ್ನೋದಕ್ಕೆ ಪುರಾವೆ ಏನು?" ಎಂದು ಕೇಳಿ ಅವನನ್ನು ಅಳಿಸಿಬಿಟ್ಟಿದ್ದರಂತೆ.

"ಇನ್ನೊಮ್ಮೆ ಕುದುರೆ ಹೋದ್ರೆ ನನ್ನ ಕಥೆ ಮುಗೀತು, ಡಾಕ್ಟರ್ ಸಾಹೇಬ್" ಎಂದ.

ನನಗೋ ಹೊಸದೇನಾದರೂ ಮಾಡುವ ಹುರುಪು. ದ್ರವ ಸಾರಜನಕದಲ್ಲಿ ಅದ್ದಿ ತಣ್ಣಗೆ ಕೊರೆಯುತ್ತಿದ್ದ ಅಂಕಿಯ ಅಚ್ಚನ್ನು ಕುದುರೆಯ ಕತ್ತಿಗೆ ಒತ್ತಿದೆ. ಆ ಕೊರೆತಕ್ಕೆ ಕೂದಲಿನ ಬಣ್ಣ ಸತ್ತು, ಅಲ್ಲಿ ಮುಂದೆ ಬಿಳಿ ಕೂದಲು ಬೆಳೆಯುತ್ತದೆ. ಅದನ್ನು ಕಂಡ ಕಳ್ಳ ದೂರದಿಂದಲೇ ಕೈಮುಗಿಯಬೇಕು. ಎರಡು ತಿಂಗಳಲ್ಲಿ ಅಂಕಿ ಎಷ್ಟು ಸೊಗಸಾಗಿ ಮೂಡಿತೆಂದರೆ, ಬನವಾರಿ ಗಲ್ಲಿಗೆಲ್ಲ ತೋರಿಸಿಕೊಂಡು ಬಂದ.

ಆಮೇಲೆ ಲಗ್ನದ ಕಾಲ ಬಂತು. ಒಂದು ಮೆರವಣಿಗೆಯಲ್ಲಿ ಮದುಮಗನನ್ನು ಹೊತ್ತು ಅದೇ ಕುದುರೆ ಬರುತ್ತಿದೆ, ಕತ್ತಿನಲ್ಲಿ ಒಂದು ಬಿಳಿ ಕೂದಲೂ ಇಲ್ಲ!

"ಏನಯ್ಯಾ, ಗುರುತೆಲ್ಲಿ?"

"ಮೆಹಂದಿ ಬಳಿದೆ, ಸಾಹೇಬ್. ನಂಬರು ಹಾಕಿದ ಕುದುರೆ ಮೇಲೆ ನಮ್ಮ ಹುಡುಗ ಕೂರಲ್ಲ ಅಂತ ವರನ ತಾಯಿ ಹಠ ಹಿಡಿದ್ರು."

"ಮತ್ತೆ ಕಳ್ಳ ಬಂದ್ರೆ?"

"ಅದಕ್ಕೇ ಕುದುರೆ ಪಕ್ಕದಲ್ಲೇ ಮಂಚ ಹಾಕ್ಕೊಂಡು ಮಲಗ್ತಿದ್ದೀನಿ. ಬೈಬೇಡಿ ಸಾಹೇಬ್, ನಿಮ್ಮ ತಲೆಗೆ ಬಳಿಯೋ ಮೆಹಂದಿಯೂ ಅದೇ ಅಂಗಡೀದು."

ಅಂದಿನಿಂದ ನಾನು ಮೆಹಂದಿ ಬಿಟ್ಟೆ. ತಲೆ ಪೂರ್ತಿ ಬೆಳ್ಳಗಾಗಿ ವರ್ಷಗಳೇ ಆದವು, ಇದುವರೆಗೆ ಯಾರೂ ನನ್ನನ್ನು ಕದ್ದಿಲ್ಲ. ನನ್ನ ವಿಧಾನ ಫಲಕಾರಿ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ?