ದೇವರ ದನಕ್ಕೆ ಸೂಜಿ ಹಾಕಿದವನು

ನಾನು ದನದ ಡಾಕ್ಟರು. ಹದಿನೇಳು ವರ್ಷದಿಂದ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಅಂತ ವರ್ಗವಾದಲ್ಲಿಗೆ ಹೋಗಿ ದುಡಿದಿದ್ದೇನೆ. ಹೆರಲಾರದೆ ಬಿದ್ದ ಎಮ್ಮೆಯ ಹೊಟ್ಟೆಗೆ ಭುಜದವರೆಗೂ ಕೈ ಹಾಕಿ ಕರು ಎಳೆದಿದ್ದೇನೆ. ಹುಚ್ಚುನಾಯಿ ಕಚ್ಚಿದ ಹೋರಿಯನ್ನು ಹಗ್ಗದಲ್ಲಿ ಹಿಡಿದು ನಿಂತಿದ್ದೇನೆ. ಸುಲಭಕ್ಕೆ ಬೆಚ್ಚುವ ಹೆಂಗಸಲ್ಲ. ಅಂಥ ನನ್ನನ್ನು ಗಾಳೆಪ್ಪ ಎಂಬ ಮನುಷ್ಯ ಒಂದೇ ವರ್ಷದಲ್ಲಿ ಎರಡು ಸಲ ಬಾಯಿ ಕಟ್ಟಿದವಳ ಹಾಗೆ ನಿಲ್ಲಿಸಿದ. ಆ ಆಘಾತ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಹಟ್ಟಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯ ಎರ್ರೆಪ್ಪ ಎಂಬವನು ನನ್ನ ಆಸ್ಪತ್ರೆಗೇ ಬಂದು ಜಗಳ ತೆಗೆಯುತ್ತಾನೆ. ಕೂಡ್ಲಿಗಿಯಿಂದ ಒಳದಾರಿ ಹಿಡಿದರೆ, ಬೋಳು ಗುಡ್ಡಗಳ ಬುಡದಲ್ಲಿ ನೂರು ಮನೆಯ ಊರು ಅಂತ ತಿಳಿದುಕೊಂಡರೆ ಸಾಕು. ಅಲ್ಲಿ ದೇವರ ದನಗಳಿವೆ. ಅವನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಹಾಲು ಕರೆದು ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಮುಳ್ಳುಬೇಲಿಯ ದೊಡ್ಡ ಗೂಡಿನಲ್ಲಿ ಅರವತ್ತೆರಡು ರಾಸು. ಅವನ್ನು ಕಾಯುವ ಕಿಲಾರಿ ಬೊಮ್ಮಪ್ಪಜ್ಜ, ಎಂಬತ್ತರ ಹತ್ತಿರದ ಮುದುಕ.

ಗಾಳೆಪ್ಪನ ತಾಯಿ ಪಂಪಮ್ಮ ಆ ಹಟ್ಟಿಯ ಮಗಳು. ಹದಿನೆಂಟರ ವಯಸ್ಸಿನಲ್ಲಿ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಕಡೆಯ ಒಬ್ಬ ಲಾರಿ ಕ್ಲೀನರನ ಜೊತೆ ಹೋದಳು. ಅವನು ಬೇರೆ ಜನ. ಗಾಳೆಪ್ಪನಿಗೆ ಮೂರು ವರ್ಷವಾದಾಗ ಆ ಗಂಡ ಲಾರಿ ಅಡಿಗೇ ಸಿಕ್ಕು ಸತ್ತ. ಗಂಡನ ಮನೆಯವರು, ‘ನಿಮ್ಮ ಹಟ್ಟಿ ಕೂಸು, ಅಲ್ಲಿಗೇ ಒಯ್ಯಿ’ ಎಂದರು. ಹಟ್ಟಿಯವರು ಮಗಳಿಗೆ ಊರ ಅಂಚಿನಲ್ಲಿ ಗುಡಿಸಲಿಗೆ ಜಾಗ ಕೊಟ್ಟರು, ಹುಡುಗನನ್ನು ಮಾತ್ರ ‘ಹರಪನಹಳ್ಳಿಯಾವ’ ಎಂದೇ ಕರೆದರು. ಬೆಡಗು, ಅಂದರೆ ವಂಶದ ಹೆಸರು, ಬರುವುದು ಅಪ್ಪನಿಂದ. ಅವನಿಗೆ ಅದು ಇಲ್ಲ. ದೇವರ ಗುಡಿಸಲ ಮುಂದೆ ಪ್ರಸಾದ ಹಂಚುವಾಗ ಗಂಡಸರನ್ನು ಬೆಡಗು ಹಿಡಿದು ಹೆಸರು ಕೂಗುತ್ತಾರೆ. ಗಾಳೆಪ್ಪನ ಹೆಸರನ್ನು ಯಾರೂ ಒಮ್ಮೆಯೂ ಕೂಗಿರಲಿಲ್ಲ. ಹಟ್ಟಿಯಲ್ಲಿ ಹೆಣ್ಣು ಕೊಡುವವರಿಲ್ಲ. ಸತ್ತರೆ ಅವರ ಮಣ್ಣಿನಲ್ಲಿ ಜಾಗವೂ ಇಲ್ಲ.

ಅವನು ಸುಮ್ಮನೆ ಕೂತವನಲ್ಲ. ಕೊಟ್ಟೂರಿನ ಖಾನಾವಳಿಯಲ್ಲಿ ರೊಟ್ಟಿ ಸುಟ್ಟ, ಹಗರಿಬೊಮ್ಮನಹಳ್ಳಿಯಲ್ಲಿ ಮೂಟೆ ಹೊತ್ತ, ಇಟ್ಟಿಗಿಯಲ್ಲಿ ಯಾರದೋ ತೋಟಕ್ಕೆ ನೀರು ಕಟ್ಟಿದ. ಎಲ್ಲಿಯೂ ವರ್ಷ ತುಂಬಲಿಲ್ಲ. ‘ಎಲ್ಲಿ ಹೋದ್ರೂ ಯಾರದೋ ಮನಿ ಕಟ್ಟಿಮ್ಯಾಲ ಕುಂತಂಗ ಆಕ್ಕಿತ್ರಿ ಮೇಡಮ್ಮಾರ’ ಎಂದು ಒಮ್ಮೆ ನನಗೆ ಹೇಳಿದ್ದ. ತಿರುಗಿ ತಿರುಗಿ ಹಟ್ಟಿಗೇ ಬರುತ್ತಿದ್ದ. ಬಂದವನು ದಿನಾ ಬೆಳಿಗ್ಗೆ ದೇವರ ದನಗಳ ಗೂಡಿನ ಹೊರಗೆ ನಿಂತು ಬೇಲಿಯ ಮೇಲಿಂದ ಒಳಕ್ಕೆ ಹುಲ್ಲು ಎಸೆಯುತ್ತಿದ್ದ. ಅರವತ್ತೆರಡು ರಾಸುಗಳ ಹೆಸರೂ ಅವನಿಗೆ ಬಾಯಿಪಾಠ. ಬೆಡಗಿಲ್ಲದವನಿಗೆ ಒಳಗೇನು ಕೆಲಸ ಅಂತ ಯಾರೂ ಅವನನ್ನು ಕರೆದಿರಲಿಲ್ಲ, ಅವನೂ ಕಾಲಿಟ್ಟಿರಲಿಲ್ಲ. ಆಗಲೇ ನಲವತ್ತರ ಗಡಿ ದಾಟಿತ್ತು.

ಚರ್ಮಗಂಟು ರೋಗ ಬಂದ ವರ್ಷ ಅದು. ಪಕ್ಕದ ಊರುಗಳಲ್ಲಿ ದನಗಳ ಮೈತುಂಬ ಗಂಟು, ಕಾಲು ಬಾವು, ಮೇವು ಮುಟ್ಟದೆ ಬೀಳುತ್ತಿದ್ದವು. ನಾನು ಐಸ್ ಪೆಟ್ಟಿಗೆಯಲ್ಲಿ ಲಸಿಕೆ ಹೊತ್ತುಕೊಂಡು ಬೆಳಿಗ್ಗೆ ಎಂಟಕ್ಕೇ ಹಟ್ಟಿ ಮುಟ್ಟಿದೆ. ಗೂಡಿನ ಬಾಗಿಲಲ್ಲಿ ಎರ್ರೆಪ್ಪ ಅಡ್ಡ ನಿಂತ. ಅವನು ಹಟ್ಟಿಯ ಯಜಮಾನ, ಮಾತು ಕಮ್ಮಿ, ಹಟ ಜಾಸ್ತಿ.

‘ಒಳಗ ಬರಂಗಿಲ್ರಿ ಡಾಕ್ಟರಮ್ಮ. ಹಟ್ಟಿ ರಕ್ತದಾರು ಬಿಟ್ರ ಯಾರೂ ಗೂಡು ತುಳಿಯಂಗಿಲ್ಲ.’

‘ಆತು. ನಾ ಹೊರಗ ನಿಂತಿರ್ತೀನಿ. ನಿಮ್ಮೋರಿಗೇ ಹೇಳಿಕೊಡ್ತೀನಿ, ನೀವೇ ಸೂಜಿ ಹಾಕ್ರಿ.’

ಎರ್ರೆಪ್ಪ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ‘ಶಿವ ಶಿವಾ! ನಮ್ಮ ಬೆಡಗಿನಾರು ದೇವ್ರ ದನದ ಮೈಯಾಗಿಂದ ಒಂದ್ ಹನಿ ರಕ್ತ ತೆಗದ್ರ ವಂಶ ಉಳಿಯಂಗಿಲ್ಲ. ನಮ್ಮ ಮುತ್ಯಾರು ಆಣಿ ಮಾಡ್ಯಾರ.’

ಒಂದು ಗಂಟೆ ವಾದ ಮಾಡಿದೆ. ಬಿಸಿಲು ಏರುತ್ತಿತ್ತು, ಪೆಟ್ಟಿಗೆಯಲ್ಲಿ ಐಸ್ ಕರಗುತ್ತಿತ್ತು. ಹೊರಗಿನವರು ಒಳಗೆ ಹೋಗುವಂತಿಲ್ಲ, ಒಳಗಿನವರು ಸೂಜಿ ಹಿಡಿಯುವಂತಿಲ್ಲ. ದನಗಳನ್ನು ಹೊರಗೆ ಹೊಡೆಯಿರಿ ಎಂದರೆ, ಹೊರಗೂ ಅವು ದೇವರವೇ, ಬೇರೆಯವರ ಕೈ ತಾಗಬಾರದು ಎಂದರು. ನನಗೆ ಪಿತ್ತ ನೆತ್ತಿಗೇರಿತು. ಕೊಟ್ಟೂರಿನ ಹೆಣ್ಣುಮಗಳು ನಾನು, ದನಿ ಎತ್ತಿದರೆ ಸಂತೆಗೇ ಕೇಳುತ್ತದೆ.

‘ಹಟ್ಟಿ ರಕ್ತಾನೂ ಇರಬೇಕು, ಬೆಡಗೂ ಇರಬಾರದು! ಅಂಥಾವನ್ನ ನಾ ಎಲ್ಲಿಂದ ತರ್ಲಿ? ನಿಮ್ಮ ದೇವ್ರೇ ಹುಟ್ಟಿಸಿ ಕಳಿಸಬೇಕು!’

ಬೈಗುಳವೆಂದೇ ಅಂದೆ. ನಡುವೆ ಕಂಬಳಿ ಹೊದ್ದು ಕೂತಿದ್ದ ಬೊಮ್ಮಪ್ಪಜ್ಜ ಮೆಲ್ಲಗೆ ತಲೆ ಎತ್ತಿ ಬೇಲಿಯ ಕಡೆ ನೋಡಿದ. ಅವನ ಕಣ್ಣು ಹೋದಲ್ಲಿಗೆ ಎಲ್ಲರ ಕಣ್ಣೂ ಹೋದವು. ಬೇಲಿಯಾಚೆ ಗಾಳೆಪ್ಪ ತೋಳಲ್ಲಿ ಹುಲ್ಲು ಹಿಡಿದು ನಿಂತಿದ್ದ.

‘ಹುಟ್ಟಿಸ್ಯಾನ’ ಎಂದ ಬೊಮ್ಮಪ್ಪಜ್ಜ.

ನನ್ನ ಮೈ ಜುಮ್ಮೆಂದಿತು. ಸುಳ್ಳು ಯಾಕೆ, ಐಸ್ ಪೆಟ್ಟಿಗೆಯ ಮೇಲೇ ಕೂತುಬಿಟ್ಟೆ. ನಾನು ದೇವರು ದಿಂಡಿರು ಎಂದು ಹೆಚ್ಚು ಹಚ್ಚಿಕೊಂಡವಳಲ್ಲ. ಆದರೆ ಆ ನೂರು ಮನೆಯಲ್ಲಿ, ಆ ಎರಡು ಕಟ್ಟಳೆಗಳ ನಡುವೆ ಹಿಡಿಸುವ ಮನುಷ್ಯ ಅವನೊಬ್ಬನೇ. ತಾಯಿಯಿಂದ ಹಟ್ಟಿಯ ರಕ್ತ, ಅಪ್ಪನಿಂದ ಬೆಡಗಿಲ್ಲ. ನಲವತ್ತು ವರ್ಷ ಯಾವುದನ್ನು ಹಿಡಿದು ಅವನನ್ನು ದೂಡಿದ್ದರೋ ಅದೇ ಈಗ ಬೇಕಾಗಿತ್ತು.

ಗಾಳೆಪ್ಪನ ಕೈಯಿಂದ ಹುಲ್ಲು ಕೆಳಗೆ ಬಿತ್ತು. ‘ನಾನಾ?’ ಎಂದ. ಮತ್ತೆ, ‘ನಾನಾ ಅಜ್ಜಾ?’

ಎರ್ರೆಪ್ಪ ಏನೋ ಹೇಳಲು ಬಾಯಿ ತೆರೆದ. ಬೊಮ್ಮಪ್ಪಜ್ಜ, ‘ಪಂಪವ್ವನ ಹಾಲು ಕುಡದಾನೋ ಇಲ್ಲೋ? ಆಕಿ ಯಾರ ಮಗಳಲೇ?’ ಎಂದು ಗದರಿದ. ಪಂಪಮ್ಮ ಗಂಡಸರ ಹಿಂದೆಲ್ಲೋ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಳು.

ಸೂಜಿಗೆ ಬರೀ ಉಪ್ಪುನೀರು ತುಂಬಿ, ಪಂಪಮ್ಮನ ಮೇಕೆಯ ಮೇಲೆ ಅವನಿಗೆ ಚುಚ್ಚುವುದನ್ನು ಕಲಿಸಿದೆ. ಕುತ್ತಿಗೆಯ ಚರ್ಮ ಎತ್ತು, ಓರೆ ಹಿಡಿ, ಒತ್ತು. ಮೊದಲ ಸಲ ತನ್ನ ಬೆರಳಿಗೇ ಚುಚ್ಚಿಕೊಂಡ. ಇಲಾಖೆಯವರು ಇದನ್ನು ಓದಿದರೆ ಓದಲಿ, ನನಗೆ ಬೇರೆ ದಾರಿ ಇರಲಿಲ್ಲ. ಕರಗಿದ ಐಸಿನ ಬದಲು ಕೂಡ್ಲಿಗಿಯಿಂದ ಬೇರೆ ಐಸ್ ತರಿಸಿದೆ. ಹನ್ನೊಂದಕ್ಕೆ ಅವನು ಚಪ್ಪಲಿ ಬಿಟ್ಟು ಗೂಡಿನ ಬಾಗಿಲಲ್ಲಿ ನಿಂತ. ಒಂದು ಕಾಲು ಎತ್ತಿದವನು ಹಾಗೇ ಇದ್ದ. ಹಿಂದೆ ತಿರುಗಿ ನನ್ನನ್ನು ನೋಡಿದ ಮುಖದಲ್ಲಿ ಬರೀ ಭಯ. ನಾನು, ‘ಹೋಗಪ್ಪಾ, ಔಷಧ ಕೆಡ್ತತಿ’ ಎಂದೆ. ಹೋದ.

ಒಂದೊಂದನ್ನೂ ಹೆಸರು ಹಿಡಿದು ಕರೆದ. ಪವಾಡವೇನೂ ನಡೆಯಲಿಲ್ಲ. ಎರಡು ಹೋರಿ ಅವನನ್ನು ಎತ್ತಿ ಬೇಲಿಗೆ ಒಗೆದವು, ಒಂದು ಹಸು ಒದ್ದ ಏಟಿಗೆ ಪಕ್ಕೆಲುಬು ಬಿರಿಯಿತು. ಸಂಜೆ ಐದಕ್ಕೆ ಹೊರಗೆ ಬಂದಾಗ ಬೆನ್ನತುಂಬ ಮುಳ್ಳು. ‘ಅರವತ್ತೆರಡೂ ಆದ್ವ್ರಿ ಮೇಡಮ್ಮಾರ’ ಎಂದು ಹೇಳಿ ನನ್ನೆದುರೇ ಗಳಗಳ ಅತ್ತ.

ಒಂಬತ್ತು ದಿನದ ಮೇಲೆ ಒಂದು ಮುದಿ ಹಸು ಸತ್ತಿತು. ಲಸಿಕೆಗೆ ಮೊದಲೇ ಅದಕ್ಕೆ ರೋಗ ಹತ್ತಿತ್ತು, ಆ ದಿನವೇ ಅದರ ತೊಡೆಯಲ್ಲಿ ಸಣ್ಣ ಗಂಟನ್ನು ಗಾಳೆಪ್ಪ ಕಂಡು ಹೇಳಿದ್ದ. ಆದರೂ ಎರ್ರೆಪ್ಪ, ‘ಹೊರಗಿನಾವನ ಕೈ’ ಎಂದುಬಿಟ್ಟ. ಮೂರು ದಿನ ಗಾಳೆಪ್ಪ ಉಣ್ಣಲಿಲ್ಲ. ಆದರೆ ಊರು ಬಿಟ್ಟೂ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಅದೇ ಮೊದಲ ಸಲ ಅವನು ಅವಮಾನಕ್ಕೆ ಬಸ್ಸು ಹತ್ತದೆ ಉಳಿದದ್ದು ಎಂದು ಪಂಪಮ್ಮ ಹೇಳಿದಳು. ಸುತ್ತಲ ಹಳ್ಳಿಗಳಲ್ಲಿ ಮನೆಗೊಂದರಂತೆ ದನ ಸತ್ತವು. ಗೂಡಿನಲ್ಲಿ ಉಳಿದ ಅರವತ್ತೊಂದೂ ಬದುಕಿದವು. ಎರ್ರೆಪ್ಪನೂ ಮೆತ್ತಗಾದ. ದಿನಾ ಬೆಳಿಗ್ಗೆ ದನ ಮೇಯಲು ಬಿಡುವಾಗ ಬೊಮ್ಮಪ್ಪಜ್ಜ ಗಾಳೆಪ್ಪನನ್ನೂ ಗೂಡಿನೊಳಕ್ಕೆ ಕರೆಯತೊಡಗಿದ.

ರೋಗ ಇಳಿದ ಮೇಲೆ ಹಟ್ಟಿಯವರು ಕೂತು ಒಂದು ತೀರ್ಮಾನ ಮಾಡಿದರು. ಗಾಳೆಪ್ಪನನ್ನು ಬೆಡಗಿಗೆ ಸೇರಿಸಿಕೊಳ್ಳುವುದು. ಸೋಮವಾರ ಬೆಳಿಗ್ಗೆ ನನ್ನನ್ನೂ ಕರೆದರು. ದೇವರ ಗುಡಿಸಲ ಮುಂದೆ ಹೊಸ ಕಂಬಳಿ ಹಾಸಿ, ಅವನನ್ನು ಮೀಯಿಸಿ, ಹಣೆತುಂಬ ಅರಿಸಿನದ ಭಂಡಾರ ಬಳಿದು ಕೂರಿಸಿದ್ದರು. ಬೊಮ್ಮಪ್ಪಜ್ಜ ಕಿವಿಯಲ್ಲಿ ಬೆಡಗಿನ ಹೆಸರು ಹೇಳಿದರೆ ಮುಗಿಯಿತು, ಅವನು ಹಟ್ಟಿಯ ಗಂಡಸು. ಪಂಪಮ್ಮ ಹಸಿರು ಸೀರೆ ಉಟ್ಟಿದ್ದಳು. ‘ಇನ್ನ ನಾ ಸತ್ರೂ ಚಿಂತಿಲ್ರಿ. ಇವನ ಮಣ್ಣಿಗೆ ಜಾಗ ಆತು’ ಎಂದು ನನ್ನ ಕೈ ಹಿಡಿದಳು. ಓದಿದವಳು ನಾನು, ಲೆಕ್ಕ ಗೊತ್ತಿದ್ದವಳು ನಾನು, ಏನು ಎಡವಟ್ಟಾಗುತ್ತಿದೆ ಎಂದು ನನಗೂ ಹೊಳೆಯಲಿಲ್ಲ.

ಬೊಮ್ಮಪ್ಪಜ್ಜ ಬಾಗಿದ. ಗಾಳೆಪ್ಪ ಫಕ್ಕನೆ ಅಂಗೈಯಿಂದ ಕಿವಿ ಮುಚ್ಚಿಕೊಂಡ.

ಮುದುಕನ ಬಾಯಿ ತೆರೆದೇ ಇತ್ತು.

‘ಬ್ಯಾಡಜ್ಜಾ’ ಎಂದ ಗಾಳೆಪ್ಪ.

ಎರ್ರೆಪ್ಪ ಕೈ ಎತ್ತಿಕೊಂಡು ಧಡಕ್ಕನೆ ಎದ್ದ. ‘ಏನಲೇ ಸೊಕ್ಕು? ಕರದು ಕುಂದ್ರಿಸಿದ್ರ ಬ್ಯಾಡಂತೀಯಾ?’

‘ಸೊಕ್ಕಲ್ಲಣ್ಣ. ಮೇಡಮ್ಮಾರನ್ನ ಕೇಳು. ಆ ಸೂಜಿ ವರ್ಷಾ ವರ್ಷಾ ಹಾಕಬೇಕಂತ. ಬೆಡಗಿಗೆ ಬಂದಮ್ಯಾಲ ನಾ ಹೆಂಗ ಸೂಜಿ ಹಿಡೀಲಿ? ನನಗೂ ಆಣಿ ಹತ್ತತೈತಲ್ಲ. ಮುಂದಿನ ವರ್ಷ ಯಾರು ಒಳಗ ಹೋಗಿ ಸೂಜಿ ಹಾಕ್ತಾರ?’

ಎಲ್ಲರೂ ನನ್ನತ್ತ ತಿರುಗಿದರು. ನಾನು ಹೌದೆಂದು ತಲೆ ಆಡಿಸಿದೆ, ಅಷ್ಟೇ. ಸಂತೋಷದ ಭರದಲ್ಲಿ ಇಡೀ ಹಟ್ಟಿ, ಜೊತೆಗೆ ನಾನು, ಇದ್ದೊಬ್ಬನನ್ನೂ ಕಳೆದುಕೊಳ್ಳಲು ಹೊರಟಿದ್ದೆವು. ತಾನು ಹುಟ್ಟಿದಂದಿನಿಂದ ಬೇಡಿದ್ದು ಕಿವಿಯ ಹತ್ತಿರ ಬಂದು ನಿಂತಾಗ ಅದನ್ನು ಕೈಯಡ್ಡ ಹಿಡಿದು ತಡೆದವನನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೆ ಹೆದರಿಕೆಯೇ ಆಯಿತು.

ಪಂಪಮ್ಮ ಜನರನ್ನು ಸೀಳಿಕೊಂಡು ಬಂದಳು. ‘ಇದೊಂದು ಮಾತು ಕೇಳಾಕ ನಾ ನಲವತ್ತು ವರ್ಷ ಜೀವ ಹಿಡ್ಕಂಡೀನಲ್ಲೋ! ನಾಳೆ ನೀ ಸತ್ರ ಎಲ್ಲಿ ಹಾಕ್ತಾರೋ ನಿನ್ನ?’

‘ಎಲ್ಲಿಗಾರ ಹಾಕ್ಲಿ ಬಿಡವ್ವ. ನಾ ಯಾಕ ಹಿಂಗ ಹುಟ್ಟೀನಂತ ದಿನಾ ಕೇಳ್ತಿದ್ನಲ್ಲ ನಿನ್ನ, ಈಗ ಕೇಳಂಗಿಲ್ಲ.’

ಬೊಮ್ಮಪ್ಪಜ್ಜ ನೆಲಕ್ಕೆ ಕೂತು ಎರಡೂ ಕೈ ತಲೆಗೆ ಹಚ್ಚಿಕೊಂಡ. ಎರ್ರೆಪ್ಪ ಎತ್ತಿದ ಕೈಯನ್ನು ಇಳಿಸಲೂ ಮರೆತು ನಿಂತಿದ್ದ. ಪಂಪಮ್ಮ ಮಗನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಅವನ ರೆಟ್ಟೆ ಹಿಡಿದು ಎಬ್ಬಿಸಿ, ಕೂತಿದ್ದ ಹೊಸ ಕಂಬಳಿಯನ್ನು ಎತ್ತಿ ಧೂಳು ಕೊಡವಿ ಅವನ ಹೆಗಲಿಗೆ ಹಾಕಿದಳು.

‘ನಡಿ ಮತ್ತ’ ಎಂದಳು. ‘ದನ ಬಿಡೋ ಹೊತ್ತಾತು.’