ಅತ್ತೆ ಗುಡಿಸಿಬಿಟ್ಟ ಬೂದಿ

ಬೆಂಕಿ ಬಿದ್ದ ಜಾಗ ನೋಡಲು ಬಂದ ಗ್ರಾಮ ಕಂದಾಯ ಅಧಿಕಾರಿ, ವಿಆರ್‌ಒ ಅಂಗಳದ ಅಂಚಿನಲ್ಲೇ ಚಪ್ಪಲಿ ಬಿಟ್ಟರು. ಬಿಡದೆ ಏನು ಮಾಡುತ್ತಾರೆ? ಕಾಲಿಡುವಲ್ಲೆಲ್ಲ ರಂಗೋಲಿ.

‘ಏಮಮ್ಮಾ, ಸುಟ್ಟಿದ್ದು ಎಲ್ಲಿ?’ ಅಂದರು.

‘ಇಲ್ಲೇರಿ, ನೀವು ನಿಂತಲ್ಲೇ,’ ಅಂದಳು ನಮ್ಮತ್ತೆ.

ಅವರು ಕೆಳಗೆ ನೋಡಿದರು. ಸಗಣಿಯಿಂದ ಸಾರಿಸಿದ ನೆಲ, ಅದರ ಮೇಲೆ ಎಂಟು ಎಸಳಿನ ಹೂವು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ, ನರಸಮ್ಮ. ಗೋನೆಗಂಡ್ಲದ ಹತ್ತಿರ ಗುಡ್ಡದ ಬುಡದಲ್ಲಿ ಅವಳ ಮನೆ. ಎರಡು ಎಮ್ಮೆ, ಒಂದು ಕೊಟ್ಟಿಗೆ, ಪಕ್ಕದಲ್ಲಿ ಮೇವಿನ ಬಣವೆ. ಮಳೆ ಬಂದು ಹುಲ್ಲು ಚಿಗುರುವವರೆಗೆ ಆ ಬಣವೆಯೇ ಎಮ್ಮೆಗಳ ಊಟ. ಎಮ್ಮೆಗಳ ಹಾಲೇ ಅತ್ತೆಯ ಊಟ. ಪ್ರತಿ ಭಾನುವಾರ ನಾನು ಆದೋನಿಯಿಂದ ಬಸ್ ಹತ್ತಿ ಅಲ್ಲಿಗೆ ಹೋಗುತ್ತೇನೆ. ಜೊತೆಗೆ ಡೈರಿ (ಕಂಡದ್ದನ್ನೆಲ್ಲ ಗಂಟೆ, ಲೆಕ್ಕ ಸಮೇತ ಬರೆದಿಡುವ ಚಟ ನನ್ನದು).

ಆ ಭಾನುವಾರ ಗುಡ್ಡದ ಒಣಹುಲ್ಲಿಗೆ ಯಾರೋ ಬೆಂಕಿ ಇಟ್ಟಿದ್ದರು. ಸುಟ್ಟ ಮೇಲೆ ಕುರಿಗೆ ಎಳೆ ಹುಲ್ಲು ಬರುತ್ತದೆ ಎಂಬ ನಂಬಿಕೆ. ಗಾಳಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಡೈರಿಯ ಪ್ರಕಾರ ಹೊಗೆ ಕಂಡದ್ದು ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ. ಬಣವೆ ಹತ್ತಿಕೊಂಡದ್ದು ಹನ್ನೆರಡೂ ಮೂವತ್ತೈದಕ್ಕೆ. ಬಣವೆಗೆ ತಾಗಿಸಿಯೇ ಅತ್ತೆ ಒಲೆಗೆಂದು ಒಣಗಿದ ಹತ್ತಿಕಟ್ಟಿಗೆ ಒಟ್ಟಿದ್ದಳು (ನಮ್ಮ ಕಡೆ ಯಾರು ಒಟ್ಟಿಲ್ಲ ಹೇಳಿ). ಬೆಂಕಿಗೆ ನಾವೇ ಮೆಟ್ಟಿಲು ಕಟ್ಟಿಕೊಟ್ಟಂತೆ.

ಓಣಿಗೆ ಓಣಿಯೇ ಓಡಿ ಬಂತು. ಎಮ್ಮೆಗಳ ಹಗ್ಗ ಬಿಚ್ಚಿದರು. ನೀರು ಸುರಿದರು. ಅರವತ್ತನಾಲ್ಕು ಕೊಡ. ಮನೆ ಉಳಿಯಿತು; ಕೊಟ್ಟಿಗೆ, ಬಣವೆ ಹೋದವು. ಫೋಟೊ? ಒಂದೂ ಇಲ್ಲ. ಕೊಡ ಎಣಿಸುತ್ತಿದ್ದ ನನಗೆ ಕೈಯಲ್ಲಿದ್ದ ಫೋನ್ ನೆನಪಾಗಲಿಲ್ಲ.

ಮರುದಿನ ಪರಿಹಾರಕ್ಕೆ ಅರ್ಜಿ ಕೊಟ್ಟೆ. ‘ಮಂಗಳವಾರ ಬಂದು ನೋಡುತ್ತೇನೆ’ ಅಂದರು ವಿಆರ್‌ಒ. ನಾನು ಅತ್ತೆಗೆ ಫೋನ್ ಮಾಡಿ, ‘ಸಾಹೇಬ್ರು ಬರತಾರ’ ಅಂದೆ. ಅಷ್ಟೇ ಅಂದೆ. ತಪ್ಪಾಗಿದ್ದು ಅಲ್ಲೇ. ಮನೆಗೆ ಯಾರಾದರೂ ಬರುತ್ತಾರೆಂದರೆ ಅತ್ತೆಯ ಕೈ ಮೊದಲು ಹೋಗುವುದು ಕಸಬರಿಗೆಗೆ.

‘ಬೂದಿ ಎಲ್ಲೈತಿ ಅತ್ತಿ?’ ಮಂಗಳವಾರ ಆ ರಂಗೋಲಿಯ ಅಂಗಳದಲ್ಲಿ ನಾನು ಮೆಲ್ಲಗೆ ಕೇಳಿದೆ.

‘ಓಣಿ ಮಂದಿ ಒಯ್ದರು, ಭಾಂಡೆ ತಿಕ್ಕಾಕ. ಪದ್ದಕ್ಕ ಬದನಿ ಗಿಡಕ್ಕ ಹಾಕ್ಯಾಳ.’

‘ಅವರಿಗೆ ತೋರಿಸಾಕ ಬೇಕಿತ್ತಲ್ಲ?’

‘ದೊಡ್ಡ ಮಂದಿ ಬರತಾರ ಅಂದಿ. ಅಂಗಳ ಹೊಲಸು ಇಟ್ಕೊಂಡು ಕುಂದರಲೇನು?’

ವಿಆರ್‌ಒ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ‘ಅಮ್ಮಾ, ಇಲ್ಲಿ ಬೆಂಕಿ ಬಿದ್ದೈತಿ ಅಂತ ಬರೀಲೋ, ಗೃಹಪ್ರವೇಶ ಆಗೈತಿ ಅಂತ ಬರೀಲೋ?’

‘ಮೊದಲ ಚಾ ಕುಡೀರಿ. ಆಮ್ಯಾಲ ಬರೀರಿ.’

ಚಹಾ ಕುಡಿಯುತ್ತ ಅವರು ತಲೆ ಎತ್ತಿದರು. ಬಣವೆಯ ಪಕ್ಕದ ಬೇವಿನ ಮರ, ಒಂದು ಮಗ್ಗುಲು ತುದಿಯವರೆಗೂ ಕರಕಲು. ಅಲ್ಲಿಗೆ ಅತ್ತೆಯ ಕಸಬರಿಗೆ ಮುಟ್ಟಿರಲಿಲ್ಲ. ಅದನ್ನು ಬರೆದುಕೊಂಡರು. ಬಣವೆ ಒಟ್ಟಿದ ದಿನ ನಾಲ್ಕು ಬಂಡಿ ಮೇವು ಬಂದಿತ್ತೆಂದು ನನ್ನ ಡೈರಿಯಲ್ಲಿತ್ತು. ಅದನ್ನೂ ನೋಡಿದರು. ಓಣಿಯ ಇಬ್ಬರಿಂದ ಸಹಿ ಹಾಕಿಸಿಕೊಂಡರು.

‘ಶುಕ್ರವಾರ ನಮ್ಮ ಮ್ಯಾಲಿನವರು ಬರತಾರ. ಸುಟ್ಟಿದ್ದು ಏನಾರ ಉಳಿದೈತೇನಮ್ಮಾ?’

‘ಕೊಟಿಗಿ ಕಂಬ ನಾಲ್ಕು ಅದಾವರಿ. ತಿಪ್ಪಿಗೆ ಒಗೆದೀನಿ.’

‘ತಂದು ಇದ್ದಲ್ಲೇ ಇಡು. ಕಸಬರಿಗಿ ಮುಟ್ಟಿಸಬ್ಯಾಡ.’

ಬಸ್ಸಿನಲ್ಲಿ ಕೂತು ಯೋಚಿಸಿದೆ. ಬೆಂಕಿ ಆರಿಸಲು ನಮಗೆ ಬರುತ್ತದೆ. ಎಮ್ಮೆಗಳಿಗೆ ಓಣಿಯವರು ದಿನಕ್ಕೊಬ್ಬರಂತೆ ಮೇವಿನ ಹೊರೆ ತಂದು ಹಾಕುತ್ತಿದ್ದಾರೆ. ಆದರೆ ಅವರ ಬಣವೆಗಳೇನು ಬೆಟ್ಟದಷ್ಟಿವೆಯೇ? ಬಣವೆಗೂ ಕಟ್ಟಿಗೆಗೂ ನಡುವೆ ಹತ್ತು ಹೆಜ್ಜೆ ಜಾಗ ಬಿಡುವುದು, ಬೇಸಿಗೆಗೆ ಮುಂಚೆ ಗುಡ್ಡದ ಕಡೆಯ ಹುಲ್ಲು ಕೆತ್ತುವುದು, ಕಸಬರಿಗೆಗಿಂತ ಮೊದಲು ಫೋನ್ ಹಿಡಿಯುವುದು: ಇವು ಬರುವುದಿಲ್ಲ.

ಅತ್ತೆಗೆ ಇನ್ನೊಂದು ಬರುವುದಿಲ್ಲ. ತನ್ನ ನಷ್ಟವನ್ನು ನಾಲ್ಕು ಜನರ ಮುಂದೆ ಹರಡಿಟ್ಟು ಕೂರುವುದು. ಪರಿಹಾರ ಬೇಕೆಂದರೆ ಅದೊಂದು ಬಂದೇ ತೀರಬೇಕು.

ಶುಕ್ರವಾರ ಅಧಿಕಾರಿಗಳಿಗಿಂತ ಮೊದಲೇ ಹೋದೆ. ನಾಲ್ಕೂ ಕರಕಲು ಕಂಬಗಳು ಇದ್ದ ಜಾಗಕ್ಕೇ ಬಂದಿದ್ದವು. ಅಂಗಳ ಗುಡಿಸಿರಲಿಲ್ಲ. ಉದುರಿದ ಇದ್ದಿಲೂ ಹಾಗೇ ಇತ್ತು. ಆದರೆ ಪ್ರತಿ ಕಂಬದ ಸುತ್ತ ಬಿಳಿ ಎಳೆಯ ರಂಗೋಲಿ.

‘ಅತ್ತೀ...’

‘ಮುಟ್ಟಬ್ಯಾಡ ಅಂದಿದ್ರು. ಮುಟ್ಟಿಲ್ಲ ನೋಡ್ ಯವ್ವಾ. ಸುತ್ತ ಹಾಕೀನಿ, ಅಷ್ಟ.’

ಈ ಸಲ ಮರೆಯದೆ ಫೋಟೊ ತೆಗೆದೆ. ಈಗ ನೀವೇ ಹೇಳಿ, ಅರ್ಜಿಗೆ ಲಗತ್ತಿಸುವ ಮುಂಚೆ ಆ ರಂಗೋಲಿಯನ್ನು ಕತ್ತರಿಸಲೇ?