ಎಣ್ಣೆಯಜ್ಜಿಯ ಮುಂದೆ ಜರಿಪಂಚೆ

ಎರಡನೇ ಮಹಾಯುದ್ಧ ಮುಗಿದ ವರ್ಷದ ಒಂದು ಭಾನುವಾರ, ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಮುನಿರತ್ನಮ್ಮ ಗಂಡನನ್ನು ಗಾಡಿಯಲ್ಲಿ ಕೂರಿಸಿಕೊಂಡು ರಾಜಘಟ್ಟದ ಅಕ್ಕಯ್ಯಮ್ಮನವರ ಜಗಲಿಗೆ ಮೊದಲ ಸಲ ಬಂದಳು. ಮನಸ್ಸು ಕುಗ್ಗಿದವರ ನೆತ್ತಿಗೆ ಹರಳೆಣ್ಣೆ ತಿಕ್ಕುತ್ತ, ಅವರ ಬಾಯಿಂದಲೇ ಸಂಕಟವನ್ನು ಹೊರಡಿಸುವುದು ಆ ಮುದುಕಿಯ ಚಿಕಿತ್ಸೆ. ಮುನಿರತ್ನಮ್ಮನ ಗಂಡ ಕೋದಂಡರಾಮಯ್ಯ ನೇಯಲು ಮಗ್ಗದ ಗುಂಡಿಗೆ ಕಾಲಿಳಿಸದೆ ಕೆಲವು ತಿಂಗಳಾಗಿತ್ತು, ಮಾತೂ ಅಷ್ಟಕ್ಕಷ್ಟೆ. ದೀಪಾವಳಿಯೊಳಗೆ ಅವನು ನೇಯದಿದ್ದರೆ ಮಗ್ಗವನ್ನು ಮೈದುನನ ಮನೆಗೆ ಸಾಗಿಸುವುದೆಂದು ಹಿರಿಯರು ತೀರ್ಮಾನಿಸಿದ್ದರು.

ಅಕ್ಕಯ್ಯಮ್ಮನವರು ಮೊದಲು ನೋಡುತ್ತಿದ್ದುದು ಬಂದವರ ಬಟ್ಟೆಯನ್ನು. ಹುಡುಕಿ ಹರಕು ಸೀರೆ ಉಟ್ಟು ಬಂದವಳಿಗೆ ಅತ್ತೆಯ ಮೇಲೆ ದೂರು ಇದೆಯೆಂದೂ, ಮದುವೆಗೆ ಹೊರಟಂತೆ ಬಂದವರಿಗೆ ಊರಿನ ಬಾಯಿಯ ಭಯವಿದೆಯೆಂದೂ ಅವರು ಕೂತಲ್ಲೇ ಹೇಳಿಬಿಡುತ್ತಿದ್ದರು.

“ಏನಪ್ಪಾ, ಎಣ್ಣೆ ಹಚ್ಚಿಸ್ಕೊಳ್ಳೋಕೆ ಜರಿಪಂಚೆ ಉಟ್ಕೊಂಡ್ ಬಂದಿದ್ದೀಯ! ಹೆಣ್ಣು ನೋಡೋಕೆ ಹೊರಟ್ಯಾ?”



“ನಾನೇ ಉಡಿಸ್ದೆ ಅಜ್ಜಿ,” ಎಂದಳು ಮುನಿರತ್ನಮ್ಮ. “ಬೀದಿಯೋರು ಹುಚ್ಚ ಅಂದ್ಬಿಟ್ರೆ?”

“ಹಂಗಾದ್ರೆ ಮೊದ್ಲು ನೀನ್ ಕೂತ್ಕೋ ತಾಯಿ. ಭಯ ನಿಂದು.”

ಬೇಡವೆನ್ನುವಷ್ಟರಲ್ಲಿ ನೆತ್ತಿಯ ಮೇಲೆ ಎಣ್ಣೆ ಬಿತ್ತು. ಬೆರಳುಗಳು ತಿಕ್ಕುತ್ತಿದ್ದಂತೆ ಅವಳು ಎಲ್ಲವನ್ನೂ ಹೇಳಿದಳು. ಮಾವ ತೀರಿಕೊಂಡ ಮೇಲೆ ಗಂಡ ಒಬ್ಬನೇ ನೇಯ್ದ ಮೊದಲ ಮದುವೆಸೀರೆ. ಸೆರಗಿನ ಹಂಸಗಳು ಮಗ್ಗದ ಮೇಲೆ ನೆಟ್ಟಗಿದ್ದವು. ಹೆಗಲ ಮೇಲೆ ಹಾಕಿದರೆ ಎಲ್ಲವೂ ತಲೆಕೆಳಗು! ಸೆರಗು ಬೆನ್ನ ಮೇಲೆ ಇಳಿಬೀಳುವುದರಿಂದ ಹಂಸಗಳನ್ನು ಮಗ್ಗದಲ್ಲಿ ತಿರುಗಿಸಿ ನೇಯಬೇಕಿತ್ತು; ಆ ಎಚ್ಚರವನ್ನು ಯಾವಾಗಲೂ ಮಾವನವರೇ ವಹಿಸುತ್ತಿದ್ದರು. ಮದುವೆಯವರು ಸೀರೆಯನ್ನು ಹಿಂದಕ್ಕೆ ಕಳಿಸಿದರು, ಅಂದೇ ಗಂಡ ಮಗ್ಗ ಬಿಟ್ಟ. ಅವಳು ಅದನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದಳು.

“ಮುಂದಿನ ವಾರ ಅದನ್ನೇ ಉಟ್ಕೊಂಡ್ ಬಾ. ಅವನು ಮಗ್ಗದ ಬಟ್ಟೇಲೇ ಬರ್ಲಿ.”

ಮುಂದಿನ ಭಾನುವಾರ ಕೋದಂಡರಾಮಯ್ಯ ಮಾಸಿದ ತುಂಡುಪಂಚೆಯಲ್ಲಿ ಗಾಡಿ ಹತ್ತಿ ಕೂತ. ಮುನಿರತ್ನಮ್ಮ ಆ ಸೀರೆಯುಟ್ಟು ಬೀದಿಗಿಳಿದಳು. ಎದುರುಮನೆಯ ಭಾಗ್ಯಮ್ಮ ಸೆರಗು ಹಿಡಿದು ನೋಡಿ, “ಇದೇನೇ ಮುನಿರತ್ನಾ, ನಿನ್ ಹಂಸಗಳು ಮೀನು ಹಿಡೀತಾವಾ?” ಎಂದಳು.

“ಹೂಂ ಕಣೇ, ಸಿಕ್ಕಿದ್ರೆ ನಿಂಗೂ ಎರಡು ಕೊಡ್ತೀನಿ!”

ಗಾಡಿಯಲ್ಲಿದ್ದ ಕೋದಂಡರಾಮಯ್ಯ ಗೊಳ್ಳೆಂದು ನಕ್ಕುಬಿಟ್ಟ, ನಗುತ್ತಲೇ ಕಣ್ಣೊರೆಸಿಕೊಂಡ. “ಅಪ್ಪ ಇದ್ದಿದ್ರೆ ನನ್ ಕಿವಿ ಹಿಂಡಿರೋರು ಕಣೇ,” ಎಂದ. ರಾಜಘಟ್ಟ ಮುಟ್ಟುವವರೆಗೂ ಅಪ್ಪನ ಮಾತೇ ಮಾತು. ಮರುದಿನ ಎಣ್ಣೆ ಮೆತ್ತಿದ ತಲೆಯಲ್ಲೇ ಗುಂಡಿಗಿಳಿದು ಲಾಳಿ ಹಿಡಿದ. ಮಗ್ಗ ಅಲ್ಲೇ ಉಳಿಯಿತು.

ಆಮೇಲೆ ಬೀದಿಯವರಿಗೂ ಎಣ್ಣೆ ಹಚ್ಚಲು ಅಕ್ಕಯ್ಯಮ್ಮನವರು ತಿಂಗಳಿಗೊಮ್ಮೆ ತಾವೇ ದೊಡ್ಡಬಳ್ಳಾಪುರಕ್ಕೆ ಬರತೊಡಗಿದರು. ಆ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ಲಾಳಿಯ ಸದ್ದಿಗೂ ಮೀರಿದ ದನಿಯಲ್ಲಿ, ಹೊಸ ರವಿಕೆ ತೊಟ್ಟು ಬಂದ ಭಾಗ್ಯಮ್ಮನನ್ನು, “ಹೋಗೇ, ಅಡುಗೆ ಮಾಡೋ ಸೀರೇಲಿ ಬಾ!” ಎಂದು ಗದರಿಸುತ್ತಿದ್ದರು.